ರವಿಕೆ ಬಟ್ಟೆ ಕೊಡುವ ಕೈ

ಬೆಳಗಿನ ರೈಲು ಮಾರಿಕುಪ್ಪದಲ್ಲಿ ಹೊರಟು ಉರಿಗಾಂ ದಾಟಿ ಬಂಗಾರಪೇಟೆಗೆ ಬರುವ ಹೊತ್ತಿಗೆ ಹೆಂಗಸರ ಡಬ್ಬಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಆದರೂ ಬಂಗಾರಪೇಟೆಯಲ್ಲಿ ಹತ್ತುವ ನನಗೊಂದು ಸೀಟು ಇರುತ್ತದೆ. ಉರಿಗಾಂನಲ್ಲಿ ಹತ್ತುವ ಅಕ್ಕ ಒಬ್ಬರು ಕಿಟಕಿ ಪಕ್ಕ ನೀಲಿ ಟವಲು ಹಾಸಿ ಅದನ್ನು ಕಾಯುತ್ತಾರೆ. ಯಾರಾದರೂ ಟವಲು ಸರಿಸಲು ನೋಡಿದರೆ ಕನ್ನಡದಲ್ಲಿ ಶುರು ಮಾಡಿ, ತೆಲುಗಿಗೆ ಹೋಗಿ, ಕೊನೆಗೆ ತಮಿಳಿನಲ್ಲಿ ಬೈದು ಮುಗಿಸುತ್ತಾರೆ. ಅಕ್ಕನ ಮನೆಮಾತು ತಮಿಳು. ಗಣಿ ಕೆಲಸದವರ ಸಾಲುಮನೆಯಲ್ಲಿ ಹುಟ್ಟಿ ಬೆಳೆದವರು. ಬೆಂಗಳೂರಿನ ಒಂದು ಗಾರ್ಮೆಂಟ್ಸ್‌ನಲ್ಲಿ ಸೂಪರ್‌ವೈಸರ್. ನಾನು ಹತ್ತಿದ ಕೂಡಲೇ ಟವಲು ಎಳೆದು, "ವಾಮ್ಮಾ, ಕೂತ್ಕೋ, ತಿಂದ್ಯಾ?" ಅನ್ನುತ್ತಾರೆ. ತಿಂದಿಲ್ಲ ಅಂದರೆ ಡಬ್ಬಿ ಬಿಚ್ಚುತ್ತಾರೆ. ಇಷ್ಟು ವರ್ಷದಲ್ಲಿ ಆ ಟವಲು ಒಂದು ದಿನವೂ ತಪ್ಪಿಲ್ಲ. ಮುಂದೆ ಬರೆಯುವುದನ್ನು ಓದುವಾಗ ಇದು ನೆನಪಿರಲಿ.

ನಾನು ಬೆಂಗಳೂರಿನಲ್ಲಿ ಒಬ್ಬ ಆಡಿಟರರ ಆಫೀಸಿನಲ್ಲಿ ಲೆಕ್ಕ ಬರೆಯುವವಳು. ರೈಲಿನಲ್ಲಿ ಬಟ್ಟೆ ಮಾರುವುದು ಅದರ ಜೊತೆಗೆ ಕಟ್ಟಿಕೊಂಡ ಇನ್ನೊಂದು ಕೆಲಸ. ನೈಟಿ, ಒಳಲಂಗ, ಲೈನಿಂಗ್ ಬಟ್ಟೆ, ಸೀರೆಗೆ ಹೊಲಿಯುವ ಫಾಲ್ಸ್. ಎಲ್ಲಕ್ಕಿಂತ ಹೆಚ್ಚಾಗಿ ರವಿಕೆ ಬಟ್ಟೆ. ನಮ್ಮ ಕಡೆ ಅದಕ್ಕೆ ಜಾಕೆಟ್ ಬಿಟ್ ಅನ್ನುತ್ತಾರೆ. ವರಮಹಾಲಕ್ಷ್ಮಿಗೆ, ಗೌರಿಗೆ, ಸೀಮಂತಕ್ಕೆ, ಮದುವೆಯ ತಾಂಬೂಲಕ್ಕೆ, ಎಲ್ಲಕ್ಕೂ ಅದು ಬೇಕು. ಸೀರೆ ಇಲ್ಲದ ಶುಭಕಾರ್ಯ ಉಂಟು, ರವಿಕೆ ಬಟ್ಟೆ ಇಲ್ಲದ ಶುಭಕಾರ್ಯ ಇಲ್ಲ. ಚಿಕ್ಕಪೇಟೆಯಿಂದ ಸಗಟಾಗಿ ತಂದು ಒಂದು ಚೀಲದಲ್ಲಿ ಹೊತ್ತುಕೊಂಡು ಹತ್ತುತ್ತಿದ್ದೆ. ಟೇಕಲ್ ಬರುವಷ್ಟರಲ್ಲಿ ಚೀಲ ಬಿಚ್ಚಿದರೆ ಮಾಲೂರು ದಾಟುವಾಗ ಅರ್ಧ ಖಾಲಿ.

ನಮ್ಮ ವಂಶದಲ್ಲಿ ಡಿಗ್ರಿ ಓದಿದ ಮೊದಲನೆಯವಳು ನಾನು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಅಪ್ಪ ನಾನು ಪಿಯುಸಿಯಲ್ಲಿರುವಾಗಲೇ ಹೋದರು. ಕಾಮಸಮುದ್ರದ ಹತ್ತಿರದ ನಮ್ಮೂರಿನಲ್ಲಿ ಅಮ್ಮ ಕಡಲೆಕಾಯಿ ಕಿತ್ತು, ಟೊಮೆಟೊ ಬಿಡಿಸಿ, ಕಂಡವರ ಹೊಲದಲ್ಲಿ ಕಳೆ ತೆಗೆದು ನನ್ನನ್ನು ಬಿ.ಕಾಂ. ಮಾಡಿಸಿದಳು. ಕಪ್ಪು ಗೌನು ಹಾಕಿಕೊಂಡು ತೆಗೆಸಿದ ಫೋಟೋ ಇವತ್ತಿಗೂ ಆ ಮನೆಯಲ್ಲಿ ದೇವರ ಪಟದ ಪಕ್ಕ ಇದೆ. ಊರಿನವರು ಬಂದರೆ ಅಮ್ಮ, "ಅದು ವಕೀಲ್ರ ಕೋಟಲ್ಲ, ಓದ್ದೋರ್ ಕೋಟು" ಅಂತ ಬಿಡಿಸಿ ಹೇಳುತ್ತಾಳೆ.

ಮಾರ್ಕೆಟಿಂಗ್ ಪೇಪರಿನಲ್ಲಿ ಗ್ರಾಹಕರ ಜೊತೆ ಒಳ್ಳೆಯ ಸಂಬಂಧ ಇಟ್ಟುಕೊಳ್ಳುವುದು ಹೇಗೆ ಅಂತ ಒಂದು ಪ್ರಶ್ನೆ ಬಂದಿತ್ತು. ನಗುಮುಖ, ತಾಳ್ಮೆ, ಗ್ರಾಹಕರ ಹೆಸರು ಮತ್ತು ಇಷ್ಟಾನಿಷ್ಟ ನೆನಪಿಡುವುದು, ಅಂತೆಲ್ಲ ಪುಟ ತುಂಬ ಬರೆದಿದ್ದೆ. ರೈಲಿನಲ್ಲಿ ಆ ಉತ್ತರವನ್ನೇ ದಿನಾ ಬದುಕಿದೆ. ಯಾರ ಮಗಳಿಗೆ ಎಷ್ಟನೇ ತಿಂಗಳು, ಯಾರ ಅತ್ತೆಗೆ ಮಂಡಿನೋವು, ಯಾರಿಗೆ ಹಸಿರು ಆಗಿಬರುವುದಿಲ್ಲ, ಎಲ್ಲ ನನಗೆ ಗೊತ್ತು. ಮನೆಯಲ್ಲಿ ಏನೇ ನಡೆದಿರಲಿ, ರೈಲು ಹತ್ತುವಾಗ ಮುಖ ಸರಿ ಮಾಡಿಕೊಂಡು ಹತ್ತುತ್ತಿದ್ದೆ. ಸ್ಟೇಷನ್ ರಸ್ತೆಯಲ್ಲಿ ಒಂದು ಪುಟ್ಟ ಅಂಗಡಿ ಹಿಡಿಯುವ ಆಸೆ ಇತ್ತು. ಆಫೀಸಿನ ಕೆಲಸ ಯಾರದೋ ಲೆಕ್ಕ. ಈ ಚೀಲ ನಾನೇ ಶುರು ಮಾಡಿದ್ದು.

ನನ್ನ ಕೈಗುಣದ ಮೇಲೂ ಒಂದು ಮಾತು ಹಬ್ಬಿತ್ತು. ಆಸ್ಪತ್ರೆಯಲ್ಲಿ ಆಯಾ ಕೆಲಸ ಮಾಡುವ ದೊಡ್ಡಮ್ಮ ಒಬ್ಬರು, ದೊಡ್ಡ ಬಾಯಿಯವರು, ಇಡೀ ಡಬ್ಬಿಗೆ ಕೇಳುವಂತೆ ಹೇಳಿದ್ದರು: "ಇವ್ಳ್ ಕೈಲಿ ಜಾಕೆಟ್ ಬಿಟ್ ತಗೊಂಡೋಗಿ ಮಡ್ಲಾಗಿಕ್ಕಿದ್ದಷ್ಟೇ ಕಣ್ರೇ, ನಮ್ಮಣ್ಣನ್ ಸೊಸೆ ನೀರ್ ಉಯ್ಕೊಂಡ್ಳು, ಬಸ್ರಾದ್ಳು. ಒಳ್ಳೆ ಕೈ ಇವ್ಳುದು." ಆಮೇಲೆ ಮದುವೆ ಮನೆಯವರೆಲ್ಲ ನನ್ನನ್ನೇ ಹುಡುಕಿಕೊಂಡು ಬಂದರು. ನಾನು ಆ ಮಾತನ್ನು ನಂಬಲಿಲ್ಲ. ಹಾಗಂತ ಬೇಡ ಅನ್ನಲೂ ಇಲ್ಲ. ವ್ಯಾಪಾರಕ್ಕೆ ಒಳ್ಳೆಯದಾಗುತ್ತಿತ್ತು, ನಕ್ಕು ಸುಮ್ಮನಾದೆ. ಒಳ್ಳೆಯ ಕೈ ಅಂತ ಒಂದಿದ್ದರೆ ಕೆಟ್ಟ ಕೈ ಅಂತಲೂ ಒಂದು ಇರಬೇಕಲ್ಲ ಅನ್ನುವುದು ಆಗ ತಲೆಗೆ ಬರಲಿಲ್ಲ.

ಹೋದ ವರ್ಷ ನನ್ನ ಗಂಡ ತೀರಿಕೊಂಡರು. ಬಂಗಾರಪೇಟೆಯಲ್ಲೇ ಒಂದು ಗೋದಾಮಿನಲ್ಲಿ ಕೆಲಸಕ್ಕಿದ್ದರು. ಸಂಜೆ ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲ. ಅದರ ಬಗ್ಗೆ ಇಲ್ಲಿ ಹೆಚ್ಚು ಬರೆಯಲಾರೆ.

ಕಾರ್ಯವೆಲ್ಲ ಮುಗಿಸಿ ಮತ್ತೆ ರೈಲು ಹತ್ತಿದ ದಿನ ನೀಲಿ ಟವಲು ಅಲ್ಲೇ ಇತ್ತು. ಅಕ್ಕ ನನ್ನ ತಲೆಯನ್ನು ಎದೆಗೊತ್ತಿಕೊಂಡು ಮಾಲೂರಿನವರೆಗೆ ಬಿಡಲಿಲ್ಲ. ಯಾರೋ ಕಾಫಿ ಕೊಟ್ಟರು, ಯಾರೋ ಚಪಾತಿ ಸುತ್ತಿ ಕೈಗಿಟ್ಟರು. ಆ ಹೆಂಗಸರು ಒಳ್ಳೆಯವರಲ್ಲ ಅಂತ ನಾನು ಎಂದೂ ಹೇಳಲಾರೆ.

ಕೆಲವು ದಿನ ಬಿಟ್ಟು ಚೀಲ ಬಿಚ್ಚಿದೆ. ಶ್ರಾವಣ ಹತ್ತಿರ ಬಂದಿತ್ತು. ಬೇರೆ ವರ್ಷವಾಗಿದ್ದರೆ ಚೀಲಕ್ಕೆ ಕೈಗಳು ಮುತ್ತಿಕೊಳ್ಳುತ್ತಿದ್ದವು. ಈ ಸಲ ಎಲ್ಲರೂ ನೋಡಿದರು, ಹೊಗಳಿದರು.

"ಬಲೇ ಚೆನ್ನಾಗೈತಮ್ಮಾ ಬಣ್ಣ. ಸಂಬ್ಳ ಆಗ್ಲಿ."

"ಈ ಸಲ ಹಬ್ಬ ಜೋರಿಲ್ಲ ಕಣೇ, ನಮ್ಮತ್ತೆ ಊರಲ್ಲಿಲ್ಲ."

"ಓದ್ವರ್ಷದ್ದೇ ಬೀರು ತುಂಬ ಐತೆ."

ಒಬ್ಬೊಬ್ಬರದೂ ಒಂದೊಂದು ನೆಪ. ಒಂದೂ ಸುಳ್ಳೆಂದು ಹಿಡಿಯುವಂಥದಲ್ಲ. ನಾನು ಬಣ್ಣದ ತಪ್ಪೇನೋ ಅಂದುಕೊಂಡು ಬೇರೆ ಬಣ್ಣ ತಂದೆ. ಅಂಚು ಬದಲಾಯಿಸಿದೆ. ನನ್ನ ಮುಖ ಸಪ್ಪಗಿದೆ, ಅದಕ್ಕೇ ಇರಬೇಕು ಅಂದುಕೊಂಡೆ. ಫೋನಿನಲ್ಲಿ ಬರುವ ವಿಡಿಯೋಗಳನ್ನು ನೋಡತೊಡಗಿದೆ. ಸೂಟು ಹಾಕಿದವನೊಬ್ಬ, 'ಬೆಳಿಗ್ಗೆ ಎದ್ದು ಕನ್ನಡಿ ಮುಂದೆ ನಿಂತು ನಗಿ, ಜಗತ್ತು ವಾಪಸ್ ನಗುತ್ತೆ' ಅನ್ನುತ್ತಿದ್ದ. ನಕ್ಕೆ. ಬಚ್ಚಲ ಕನ್ನಡಿಯಲ್ಲಿ, ಹಣೆಗೆ ಸಣ್ಣ ಕಪ್ಪು ಸ್ಟಿಕ್ಕರ್ ಅಂಟಿಸಿಕೊಂಡು, ಹಲ್ಲು ಕಾಣುವ ಹಾಗೆ ನಕ್ಕೆ. ಕನ್ನಡಿಯೇನೋ ವಾಪಸ್ ನಕ್ಕಿತು.

ವಿಚಿತ್ರವೆಂದರೆ ಬೇರೆ ಬಟ್ಟೆ ಹೋಗುತ್ತಿತ್ತು. ನೈಟಿ ಹೋಯಿತು. ಒಳಲಂಗ ಹೋಯಿತು. ಲೈನಿಂಗ್ ಬಟ್ಟೆಯಂತೂ ಮೊದಲಿಗಿಂತ ಹೆಚ್ಚು. ರವಿಕೆ ಬಟ್ಟೆ ಮಾತ್ರ ಇಟ್ಟ ಮಡಿಕೆಯಲ್ಲೇ ಇತ್ತು. ಬಿಡಿಸಿ ಹೇಳಿದವರು ಆ ದೊಡ್ಡಮ್ಮನೇ. ಅವರೂ ಗಂಡನಿಲ್ಲದವರು. ಬಾಗಿಲ ಹತ್ತಿರ ಗಾಳಿಗೆ ನಿಂತಿದ್ದಾಗ ದನಿ ತಗ್ಗಿಸಿ ಅಂದರು:

"ಓದ್ದೋಳು ನೀನು, ನಿಂಗೆ ನಾನೇನ್ ಏಳ್ಲಿ. ನೈಟಿ ಮಾರು, ಲಂಗ ಮಾರು, ಯಾರ್ ಬೇಡ ಅಂತಾರೆ? ಮಡ್ಲಿಗಾಕೋ ಬಟ್ಟೆ ಮಾತ್ರ ಎತ್ತಿಟ್ಬುಡವ್ವ. ನಂಗೂ ಇಂಗೇ ಆಯ್ತು. ಮೂವತ್ತೊರ್ಸ ಊವು ಕಟ್ದೋಳು ನಾನು."

"ಅದಕ್ಕೇ ಆಸ್ಪತ್ರೆ ಕೆಲಸಕ್ಕೆ ಹೋದ್ರಾ ದೊಡ್ಡಮ್ಮಾ?"

"ಅಲ್ಲಿ ರೋಗದೋರು ಕೈ ನೋಡಲ್ಲ. ಬೆಡ್‌ಪ್ಯಾನ್ ನೋಡ್ತಾರೆ" ಅಂತ ನಕ್ಕರು. ನಾನೂ ನಕ್ಕೆ. ನಗದಿದ್ದರೆ ಅವರು ನೊಂದುಕೊಳ್ಳುತ್ತಿದ್ದರು.

ಆವತ್ತು ಆಫೀಸಿನಲ್ಲಿ ಕೂತು ಯೋಚಿಸಿದೆ. ಅದೇ ಕೈ. ಮೊದಲು ಮುಟ್ಟಿದರೆ ಬಸಿರು ನಿಲ್ಲುತ್ತಿತ್ತು, ಈಗ ಮುಟ್ಟಿದರೆ ಮನೆ ಮುರಿಯುತ್ತದೆ. ಲೈನಿಂಗ್ ಒಳಗೆ ಹೋಗುವ ಬಟ್ಟೆ, ಯಾರ ಕಣ್ಣಿಗೂ ಬೀಳುವುದಿಲ್ಲ, ಅದಕ್ಕೆ ನನ್ನ ಕೈ ಆಗುತ್ತದೆ. ಅದರ ಮೇಲೆ ಬರುವ ಬಟ್ಟೆಗೆ ಆಗುವುದಿಲ್ಲ. ಎರಡನ್ನೂ ಒಂದೇ ಸೂಜಿ ಹೊಲಿಯುತ್ತದೆ. ಇದನ್ನು ಯಾರಿಗೆ ಹೇಳುವುದು? ಜಗಳ ಆಡಲು ಎದುರು ಒಬ್ಬರಾದರೂ ಬೇಕು. ನನಗೆ ಎದುರಿಗಿದ್ದವರೆಲ್ಲ ಚಪಾತಿ ಕೊಡುವವರೇ.

ಉರಿಗಾಂ ಅಕ್ಕನಿಗೆ ನಾನಾಗಿ ಏನೂ ಹೇಳಲಿಲ್ಲ. ಅವರಿಗೇ ಅರ್ಥವಾಗಿತ್ತು. ವರಮಹಾಲಕ್ಷ್ಮಿ ಹಬ್ಬದ ವಾರ ಒಂದು ಬೆಳಿಗ್ಗೆ ನನ್ನ ತೊಡೆಯ ಮೇಲಿಂದ ಚೀಲ ಕಸಿದುಕೊಂಡರು.

"ನೀನು ಆಫೀಸ್‌ನಾಗೆ ಕಷ್ಟಪಡೋಳು, ಸ್ವಲ್ಪ ಮಲ್ಕೋಮ್ಮಾ. ಇವತ್ತು ನಾನ್ ಅಂಗಡಿ."

ಎದ್ದು ನಿಂತು ಸೆರಗು ಸೊಂಟಕ್ಕೆ ಸಿಕ್ಕಿಸಿದರು. ಒಂದು ಕಂಬಿಗೆ ಒರಗಿಕೊಂಡು ತುಂಡುಗಳನ್ನು ಭುಜದ ಮೇಲೆ ಇಳಿಬಿಟ್ಟುಕೊಂಡರು. "ಯಾರಮ್ಮಾ, ಬನ್ನಿ! ಏಯ್, ಕನ್ನಡಕ, ನಿನ್ ಗಂಡನ್ ಮುಖಕ್ಕೆ ಈ ಪಿಂಕೇ ಸರಿ. ಅವ್ನೂ ಹಬ್ಬಕ್ಕಾದ್ರೂ ಸ್ವಲ್ಪ ಬೆಳ್ಳಗೆ ಕಾಣ್ಲಿ!" ಡಬ್ಬಿಯೆಲ್ಲ ನಗು. ಸಂಬಳ ಆಗಬೇಕು ಅಂದವರು, ಅತ್ತೆ ಊರಲ್ಲಿಲ್ಲ ಅಂದವರು, ಬೀರು ತುಂಬಿದೆ ಅಂದವರು, ಎಲ್ಲರೂ ಕೈ ಚಾಚಿದರು. ವೈಟ್‌ಫೀಲ್ಡ್ ಬರುವಷ್ಟರಲ್ಲಿ ಚೀಲ ಬರಿದಾಯಿತು. ಬಟ್ಟೆ ಅದೇ, ಮಡಿಕೆ ಕೂಡ ನಾನೇ ಹಾಕಿದ್ದು.

"ಕಮಿಷನ್ ಏನ್ ಕೊಡ್ತೀಯಾ?" ಅಂದರು ಅಕ್ಕ, ಬೆವರು ಒರೆಸಿಕೊಳ್ಳುತ್ತ.

"ಮಸಾಲೆ ದೋಸೆ."

"ಜಿಪುಣಿ! ಡಿಗ್ರಿ ಓದ್ದೋಳ್ನ ನಂಬಬಾರ್ದು."

ನಕ್ಕೆವು. ಅವರ ಪ್ರೀತಿಯಲ್ಲಿ ನನಗೆ ಅನುಮಾನ ಇರಲಿಲ್ಲ. ಅಂದಿನಿಂದ ರವಿಕೆ ಬಟ್ಟೆಗೆಲ್ಲ ಅವರೇ ನಿಂತರು. ನಾನು ತರುವವಳು, ಮಡಿಸುವವಳು, ಹೊರುವವಳು. ಅವರು ಕೊಡುವವರು. ವ್ಯಾಪಾರ ಉಳಿಯಿತು ಅಂತ ನಾನು ಖುಷಿ ಪಡಬೇಕಿತ್ತು. ಪ್ರತಿ ಬೆಳಿಗ್ಗೆ ನನ್ನ ಚೀಲದ ಪಕ್ಕ ಕೂತು, ನನ್ನ ಬಟ್ಟೆಯನ್ನು ಜನ ಇನ್ನೊಬ್ಬರ ಕೈಯಿಂದ ತೆಗೆದುಕೊಳ್ಳುವುದನ್ನು ನೋಡುತ್ತ ನಗುತ್ತಿದ್ದೆ. ಅಂಗಡಿಯ ಆಸೆ ಎಲ್ಲಿ ಬಿದ್ದುಹೋಯಿತೋ ತಿಳಿಯಲಿಲ್ಲ. ಅಂಗಡಿಯಲ್ಲಿ ಕೊಡುವ ಕೈ ಯಾರದು?

ಆದರೂ ಒಂದು ನಂಬಿಕೆ ಉಳಿದಿತ್ತು. ನನ್ನ ಗಂಡ ಇದ್ದಾಗಲೇ ಅಕ್ಕ ಒಂದು ಮಾತು ಕೊಟ್ಟಿದ್ದರು. "ನನ್ ಮಗಳ ಮದುವೆಗೆ ತಾಂಬೂಲದ ಜಾಕೆಟ್ ಬಿಟ್ ಎಲ್ಲಾ ನಿಂದೇ. ಬೇರೆ ಅಂಗಡಿ ಮೆಟ್ಲು ಅತ್ತಲ್ಲ ನಾನು." ಹುಡುಗಿಗೆ ಗಂಡು ಗೊತ್ತಾಯಿತು. ಕುಪ್ಪಂ ಕಡೆಯವರು. ಅವರೆಕಾಯಿಯ ಕಾಲ. ರೈಲಿನಲ್ಲಿ ಎಲ್ಲರ ಮಡಿಲಲ್ಲೂ ಕಾಯಿ, ಬೆರಳ ತುದಿಯಲ್ಲಿ ಕಾಳು ಬಿಡಿಸುತ್ತ ಮದುವೆಯದೇ ಮಾತು. ನಾನು ಅಕ್ಕ ಬಾಯಿ ಬಿಡಲಿ ಅಂತ ಕಾದೆ. ಬೇರೆಯವರ ಮಾತು ಬೇರೆ. ಅಕ್ಕ ಒಬ್ಬರಾದರೂ ನನ್ನ ಕೈಯಿಂದ ತೆಗೆದುಕೊಂಡರೆ, ತುಂಬಿದ ಮದುವೆ ಮನೆಯಲ್ಲಿ ಆ ಬಟ್ಟೆ ಹಂಚಿದರೆ, ಡಬ್ಬಿಯವರೆಲ್ಲ ಅದನ್ನು ನೋಡಿದರೆ, ಈ ಗಂಟು ಬಿಚ್ಚಿಕೊಳ್ಳುತ್ತದೆ ಅಂತ ಲೆಕ್ಕ ಹಾಕಿದ್ದೆ. ಲೆಕ್ಕ ಹಾಕುವುದು ನನ್ನ ಕಸುಬು.

ಕೇಳುವ ಮೊದಲೇ ತಂದುಬಿಟ್ಟೆ. ಆ ಹುಡುಗಿಗೆ ಮಾವಿನಹಣ್ಣಿನ ಹಳದಿ ಇಷ್ಟ, ಅದು ನನಗೆ ಗೊತ್ತಿತ್ತು. ಚಿಕ್ಕಪೇಟೆಯಲ್ಲಿ ಹುಡುಕಿ ಕೆಂಪು ಅಂಚಿನ ಹಳದಿ ಬಟ್ಟೆ ಆರಿಸಿದೆ. ಒದ್ದೆ ಬೆರಳಿಂದ ಉಜ್ಜಿ ಬಣ್ಣ ಬಿಡುವುದಿಲ್ಲ ಅಂತ ಖಾತ್ರಿ ಮಾಡಿಕೊಂಡೆ. ಮದುವೆಗೆ ಸಾಕಾಗುವಷ್ಟು ಕಟ್ಟಿಸಿಕೊಂಡು ಬಂದು ಮಂಚದ ಕೆಳಗೆ ಇಟ್ಟೆ.

ಒಂದು ಬೆಳಿಗ್ಗೆ ಅಕ್ಕ ಲಗ್ನಪತ್ರಿಕೆ ಕೊಟ್ಟರು. ಕೊಡುವಾಗ ನನ್ನ ಕಡೆ ನೋಡಲಿಲ್ಲ. ಅವರೆಕಾಯಿಯ ಸಿಪ್ಪೆ ಕಿಟಕಿಯಾಚೆ ಎಸೆಯುತ್ತಿದ್ದರು.

"ಬಟ್ಟೆಬರೆ ಎಲ್ಲಾ ಗಂಡಿನ್ ಕಡೆಯೋರೇ ನೋಡ್ಕೊಂಬುಟ್ರಮ್ಮಾ. ನಾನ್ ಬೇಡ ಅಂದೆ. ಅವ್ರು ಕೇಳ್ಲಿಲ್ಲ."

"ಒಳ್ಳೇದೇ ಆಯ್ತಲ್ಲ ಅಕ್ಕಾ. ನಿಮಗೆ ಓಡಾಟ ತಪ್ತು."

"ನೀನ್ ಬರ್ಲೇಬೇಕು. ಮುಂದಿನ್ ಸಾಲ್ನಾಗೆ ಕೂತ್ಕೋಬೇಕು."

"ಬರ್ತೀನಕ್ಕಾ."

ಹೋದೆ. ರಾಬರ್ಟ್‌ಸನ್‌ಪೇಟೆಯ ಛತ್ರ. ಅಕ್ಕ ಬಾಗಿಲಿಗೇ ಬಂದು ಕೈ ಹಿಡಿದು ಕರೆದುಕೊಂಡು ಹೋದರು. ಎಲ್ಲರಿಗೂ, "ಇವ್ಳು ನನ್ ರೈಲ್ ತಂಗಿ, ಬಿ.ಕಾಂ. ಓದವ್ಳೆ" ಅಂತ ಹೇಳಿದರು. ಎರಡು ಸಲ ಪಾಯಸ ಬಡಿಸಿದರು. ಹೊರಡುವಾಗ ತಾಂಬೂಲದ ಚೀಲವನ್ನು ತಾವೇ ತಂದು ಕೊಟ್ಟರು. ಬಸ್ಸಿನಲ್ಲಿ ಕೂತು ಬಿಚ್ಚಿದೆ. ತೆಂಗಿನಕಾಯಿ, ಎಲೆ ಅಡಿಕೆ, ನೇರಳೆ ಬಣ್ಣದ ಒಂದು ರವಿಕೆ ಬಟ್ಟೆ. ಬಟ್ಟೆ ಸುತ್ತಿದ್ದ ಕವರಿನ ಮೇಲೆ ಅಂಗಡಿಯ ವಿಳಾಸ ಇತ್ತು. ಕುಪ್ಪಂ ಅಲ್ಲ, ಬಂಗಾರಪೇಟೆ ಬಜಾರು. ನಾನು ದಿನಾ ಅದರ ಮುಂದೆ ನಡೆದುಕೊಂಡು ಸ್ಟೇಷನ್ನಿಗೆ ಹೋಗುತ್ತೇನೆ.

ಬೆರಳು ಒದ್ದೆ ಮಾಡಿ ಬಟ್ಟೆಯ ಮೇಲೆ ಉಜ್ಜಿದೆ. ಅಭ್ಯಾಸ. ಬೆರಳು ನೇರಳೆಯಾಯಿತು. ಮೊದಲ ಒಗೆತಕ್ಕೇ ಬಣ್ಣ ಹೋಗುವ ಬಟ್ಟೆ.

ಆ ಭಾನುವಾರ ಊರಿಗೆ ಹೋಗಿ ಅಮ್ಮನ ಮುಂದೆ ಎಲ್ಲ ಹೇಳಿದೆ. ಅಮ್ಮ ರಾಗಿ ಕೇರುತ್ತಿದ್ದಳು. ಮೊರ ನಿಲ್ಲಿಸಲಿಲ್ಲ.

"ಕಳೆ ಕೀಳಾಕೆ ಕರಿಯೋರು ಗಂಡ ಅವ್ನಾ ಸತ್ನಾ ಅಂತ ಕೇಳಲ್ಲ ಕಣಮ್ಮಾ. ಬಗ್ತೀಯಾ ಅಂತ ಕೇಳ್ತಾರೆ ಅಷ್ಟೇ. ಬಿತ್ತನೆ ದಿನ ಮಾತ್ರ ನನ್ನ ಬದುವಿನ್ ಮ್ಯಾಗೆ ನಿಲ್ಲಿಸ್ತಾರೆ. ಬೀಜ ಮುಟ್ಟಂಗಿಲ್ಲ."

"ನೀನು ಯಾವತ್ತೂ ಹೇಳ್ಲಿಲ್ಲ."

"ಏಳಿ ಏನ್ಮಾಡ್ಲಿ? ನೀನು ಓದ್ತಿದ್ದೆ." ಮೊರದಿಂದ ಕಲ್ಲೊಂದನ್ನು ಆರಿಸಿ ಎಸೆದು ಅಂದಳು, "ಓದುದ್ರೆ ಇದೆಲ್ಲ ತಪ್ತದೆ ಅಂದ್ಕೊಂಡಿದ್ದೆ."

ಗೋಡೆಯ ಮೇಲೆ ಕಪ್ಪು ಗೌನು ಹಾಕಿಕೊಂಡ ನಾನು ನಗುತ್ತಿದ್ದೆ. ಆ ಓದಿನ ಬಗ್ಗೆ ನನಗೆ ಈಗಲೂ ಹೆಮ್ಮೆಯೇ. ಅದು ಅಮ್ಮನ ಬೆನ್ನು ಕೊಟ್ಟು ಕೊಂಡದ್ದು. ಆದರೆ ಅದು ಎಲ್ಲಿಯವರೆಗೆ ನಡೆಯುತ್ತದೆ ಅನ್ನುವುದು ಆವತ್ತು ಕಂಡಿತು.

ಸೋಮವಾರ ರೈಲು ಹತ್ತಿದೆ. ನೀಲಿ ಟವಲು ಇತ್ತು. ಅಕ್ಕ ಮದುವೆಯ ಲಾಡು ತಂದಿದ್ದರು. ಕೂತ ಮೇಲೆ ಮೆಲ್ಲಗೆ, "ಕೋಪಾನಾಮ್ಮಾ?" ಅಂದರು. "ಏನ್ ಕೋಪ ಅಕ್ಕಾ, ಮದುವೆ ಚೆನ್ನಾಗಾಯ್ತು" ಅಂದೆ. ಅವರು ಮತ್ತೇನೋ ಹೇಳಹೊರಟು ಲಾಡು ಮುರಿದು ನನ್ನ ಬಾಯಿಗಿಟ್ಟರು.

ಚೀಲದಲ್ಲಿ ಆ ಹಳದಿ ಬಟ್ಟೆಗಳನ್ನು ತಂದಿದ್ದೆ. ಮಂಚದ ಕೆಳಗೆ ಇಟ್ಟುಕೊಂಡು ಎಷ್ಟು ದಿನ ಅದರ ಮೇಲೆ ಮಲಗುವುದು? ನೈಟಿ ತೆಗೆಯಲು ಚೀಲ ಬಿಚ್ಚಿದಾಗ ಹಳದಿ ಮೇಲೆ ಬಂತು. ಎದುರು ಸೀಟಿನಲ್ಲಿ ಒಬ್ಬಳು ಹೊಸ ಹುಡುಗಿ ಇದ್ದಳು. ಕೆಲಸಕ್ಕೆ ಸೇರಿ ವಾರವಾಗಿತ್ತಷ್ಟೇ. ನನ್ನ ವಿಷಯ ಅವಳಿಗೆ ಯಾರೂ ಹೇಳಿರಲಿಲ್ಲ. ನನ್ನ ಹಣೆಯಲ್ಲಿ ಸ್ಟಿಕ್ಕರ್ ಇತ್ತು, ಅವಳಿಗೆ ತಿಳಿಯುವುದಾದರೂ ಹೇಗೆ?

"ಅಕ್ಕಾ, ಅಕ್ಕಾ! ಆ ಹಳ್ದಿ ತೋರ್ಸಿ. ಅಯ್ಯೋ ಎಷ್ಟ್ ಚೆನ್ನಾಗೈತೆ! ಮುಂದಿನ್ ವಾರ ನನ್ ನಿಶ್ಚಿತಾರ್ಥ. ಇದೇ ಬೇಕು ನಂಗೆ. ಕೊಡೀ."

ಎರಡೂ ಅಂಗೈ ಚಾಚಿದಳು, ಪ್ರಸಾದಕ್ಕೆ ಚಾಚುವ ಹಾಗೆ.

ಅವರೆಕಾಯಿ ಬಿಡಿಸುತ್ತಿದ್ದ ಬೆರಳುಗಳು ನಿಂತವು. ದೊಡ್ಡಮ್ಮ ನನ್ನನ್ನೇ ನೋಡುತ್ತಿದ್ದರು. ಎಷ್ಟೋ ತಿಂಗಳಿಂದ ನಾನು ಕಾದದ್ದು ಈ ಕೈಗಳಿಗೇ. ಕೊಟ್ಟುಬಿಟ್ಟರೆ ಮುಗಿಯಿತು. ಬಟ್ಟೆ ಹಿಡಿದ ನನ್ನ ಕೈ ಅವಳ ಕಡೆಗೆ ಹೊರಟಿತು ಕೂಡ.

ನಾಳೆ ಯಾರಾದರೂ ಇವಳಿಗೆ ಹೇಳುತ್ತಾರೆ. ಹೇಳಿದ ಮೇಲೆ ಇವಳು ಆ ಬಟ್ಟೆಯನ್ನು ಬೀರುವಿನ ಮೂಲೆಗೆ ತಳ್ಳುತ್ತಾಳೆ. ಇವಳ ಬಾಳಿನಲ್ಲಿ ಏನೇ ಎಡವಟ್ಟಾದರೂ ಆ ಹಳದಿ ನೆನಪಾಗುತ್ತದೆ. ಅದಷ್ಟೇ ಆಗಿದ್ದರೆ ಬೇರೆಯವರ ಮೂಢನಂಬಿಕೆ ಅಂತ ಬರೆದು ಮುಗಿಸುತ್ತಿದ್ದೆ. ಆದರೆ ಆ ಹುಡುಗಿಯ ಮುಖ ನೋಡಿದಾಗ ನನ್ನೊಳಗೇ ಒಂದು ಮಾತು ಎದ್ದಿತು: ಒಂದು ವೇಳೆ ನಿಜವಾಗಿದ್ದರೆ? ನನ್ನ ಕೈ ತಾನಾಗಿ ಹಿಂದಕ್ಕೆ ಬಂತು.

ಬಟ್ಟೆಯನ್ನು ಅಕ್ಕನ ಕಡೆ ಹಿಡಿದೆ. "ಅಕ್ಕಾ, ನೀವ್ ಕೊಡಿ."

ಅಕ್ಕ ತೆಗೆದುಕೊಳ್ಳಲಿಲ್ಲ. ಅವರ ಕಣ್ಣು ತುಂಬಿತ್ತು. "ವೇಂಡಾಮ್ಮಾ, ಬೇಡ. ನೀನೇ ಕೊಡು" ಅಂದರು. "ಕೊಡು ಕಣ್ಣೂ, ನಾನ್ ಏಳ್ತೀನಲ್ಲ. ನಿನ್ ಕೈಯಾಗೇ ಕೊಡು."

ಮದುವೆಗೆ ಮೊದಲು ನನ್ನ ಕಿವಿಗೆ ಬೀಳಬೇಕಿದ್ದ ಮಾತು. ಅವರು ಮನಸಾರೆ ಹೇಳಿದರು, ಎಲ್ಲರೆದುರಿಗೇ ಹೇಳಿದರು. ನನ್ನಿಂದಲೇ ಆಗಲಿಲ್ಲ.

"ಇಲ್ಲಕ್ಕಾ. ನೀವೇ ಕೊಡಿ. ಪಾಪ, ಆ ಹುಡುಗಿ ಚೆನ್ನಾಗಿರ್ಲಿ."

ಅಕ್ಕ ಕೊಟ್ಟರು. ಹುಡುಗಿ ಅವರಿಗೆ ಥ್ಯಾಂಕ್ಸ್ ಹೇಳಿ, ಬಟ್ಟೆಯನ್ನು ಎದೆಗೆ ಹಿಡಿದು ಫೋನಿನಲ್ಲಿ ಮುಖ ನೋಡಿಕೊಂಡಳು. "ಈಗ್ ಬುದ್ಧಿ ಬಂತು ನೋಡು" ಅಂದರು ದೊಡ್ಡಮ್ಮ, ಮೆಚ್ಚುಗೆಯಿಂದಲೇ. ಬೆರಳುಗಳು ಮತ್ತೆ ಕಾಯಿ ಬಿಡಿಸತೊಡಗಿದವು. ಅಕ್ಕ ಮುಖವನ್ನು ಕಿಟಕಿಗೆ ತಿರುಗಿಸಿ, ಸೀಟಿನ ಮೇಲಿದ್ದ ನೀಲಿ ಟವಲಿನಿಂದ ಕಣ್ಣು ಒರೆಸಿಕೊಂಡರು.

ಚೀಲದಲ್ಲಿ ಇನ್ನೂ ಹಳದಿ ಉಳಿದಿತ್ತು. ಅದನ್ನು ಅಕ್ಕನ ತೊಡೆಯ ಮೇಲಿಟ್ಟೆ. ಒಳಲಂಗ, ಲೈನಿಂಗ್ ನನ್ನ ಕಡೆ ಎಳೆದುಕೊಂಡೆ. ಮುಖವನ್ನು ಸರಿ ಮಾಡಿಕೊಂಡು ಎದ್ದು ನಿಂತು, "ಲೈನಿಂಗ್ ಯಾರಿಗೆ ಬೇಕಮ್ಮಾ, ಹೊಸಾ ಸ್ಟಾಕು" ಅಂದೆ.

ಸುಮಾರು ಜನ ತಗೊಂಡರು.